ಕಂಪ್ಯೂಟರಿನ ಏಕವಚನ

ಅಂಗಡಿಯಿಂದ ತಂದ ವಸ್ತುವನ್ನು ಇದ್ದ ಹಾಗೆಯೇ ಬಳಸಿಕೊಂಡು ಸುಖವಾಗಿರುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಅವರ ಸಾಲಿನಲ್ಲಿ ನನಗೆ ಜಾಗ ಸಿಕ್ಕಿಲ್ಲ. ಹೊಸ ವಸ್ತು ಮನೆಗೆ ಬಂದರೆ ಅದನ್ನು ಬಿಚ್ಚಿ, ತಿರುವಿ, ಅದಕ್ಕೆ ನನ್ನದೊಂದು ಗುರುತು ಹಚ್ಚುವ ತನಕ ನನಗೆ ಊಟ ರುಚಿಸುವುದಿಲ್ಲ. ಕಲಬುರಗಿಯ ಬ್ರಹ್ಮಪುರದಲ್ಲಿದ್ದ ನಮ್ಮ ಬಾಡಿಗೆ ಮನೆಯ ಬಾಗಿಲಿಗೆ ಒಂದು ಕರೆಗಂಟೆ ಇತ್ತು. ಎಲ್ಲರ ಮನೆಯ ಹಾಗೆ ಟ್ರಿಣ್ ಎನ್ನುತ್ತಿತ್ತು. ಎಲ್ಲರ ಮನೆಯ ಹಾಗೆ ಎನ್ನುವುದನ್ನೇ ತಡೆಯಲಾಗದೆ, ಅದನ್ನು ಬಿಚ್ಚಿ ಹಕ್ಕಿ ಕೂಗುವ ಗಂಟೆಯೊಂದನ್ನು ಕೂಡಿಸಿದೆ. ಅಂದಿನಿಂದ ಯಾರು ಬಂದು ಗುಂಡಿ ಒತ್ತಿದರೂ, ಮಾಳಿಗೆಯ ಮೇಲೆ ಗುಬ್ಬಿ ಬಂದಿವೆ ಎಂದುಕೊಂಡು ನಾವು ಒಳಗೆ ಆರಾಮಾಗಿ ಕೂತಿರುತ್ತಿದ್ದೆವು. ಗ್ಯಾಸ್ ಸಿಲಿಂಡರಿನವನು ಗುಬ್ಬಿ ಕೂಗಿಸಿ ಕೂಗಿಸಿ ಬೇಸತ್ತು ವಾಪಸು ಹೋದ ಮೇಲೆ ನನ್ನ ಹೆಂಡತಿ ಮಹಾದೇವಿ ಗಂಟೆಯನ್ನೇ ಕಿತ್ತುಹಾಕಿಸಿ, ಚಿಲಕ ಬಡಿಯುವ ಹಳೆಯ ಪದ್ಧತಿಯನ್ನು ಮತ್ತೆ ಜಾರಿಗೆ ತಂದಳು.

ಇಂಥ ಸ್ವಭಾವದವನ ಕೈಗೆ ಲಿನಕ್ಸ್ ಸಿಗಬಾರದಿತ್ತು. ಸಿಕ್ಕಿತು. ನಾನು ಆಗ ಕಲಬುರಗಿಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಹೊಸ ಶತಮಾನ ಇನ್ನೂ ಎಳೆಯದಾಗಿತ್ತು. ಹೈದರಾಬಾದಿನಿಂದ ಗೆಳೆಯನೊಬ್ಬ ತಂದುಕೊಟ್ಟ ಸಿ.ಡಿ.ಯಿಂದ ಲ್ಯಾಬಿನ ಯಂತ್ರಗಳಿಗೆಲ್ಲ ಲಿನಕ್ಸ್ ಹಾಕಿದ್ದೆ. ಅದರಲ್ಲಿ ಕೆಲಸ ಮಾಡಬೇಕಾದರೆ ಕಪ್ಪು ಪರದೆಯ ಮೇಲೆ ಒಂದೊಂದೇ ಅಪ್ಪಣೆಯನ್ನು ಟೈಪ್ ಮಾಡಬೇಕು. ಪ್ರತಿ ಅಪ್ಪಣೆಗೂ ಮೊದಲು ಕಂಪ್ಯೂಟರು ಸಾಲಿನ ಎಡಗಡೆ ಒಂದು ಗುರುತು ತೋರಿಸಿ, ನಾನು ತಯಾರಿದ್ದೇನೆ, ಮುಂದಿನದು ಹೇಳಿ ಎಂದು ಕಾಯುತ್ತದೆ. ಈ ಗುರುತಿಗೆ ಪ್ರಾಂಪ್ಟ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಒಂದು ಡಾಲರ್ ಚಿಹ್ನೆ. ಆದರೆ ಪಿಎಸ್ ಒನ್ ಎಂಬ ಹೆಸರಿನ ಮುಂದೆ ನಮಗೆ ಬೇಕಾದ ಮಾತು ಬರೆದರೆ ಡಾಲರ್ ಹೋಗಿ ಆ ಮಾತೇ ಬಂದು ಕೂಡುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ ದಿನ ನನ್ನ ಕೈ ಕಡಿಯತೊಡಗಿತು.

ಮೊದಲು ಪ್ರಾಂಪ್ಟಿನಲ್ಲಿ ಹೊತ್ತು ಬರುವ ಹಾಗೆ ಮಾಡಿದೆ. ಆಮೇಲೆ ವಾರ. ಆಮೇಲೆ ಯಂತ್ರದ ಹೆಸರು, ವಿದ್ಯಾರ್ಥಿಯ ಹೆಸರು, ಅವನು ತೆರೆದಿರುವ ಕಡತಕೋಶದ ಪೂರ್ತಿ ವಿಳಾಸ. ಕೊನೆಗೆ ಇದಕ್ಕೆಲ್ಲ ಹಸಿರು, ಹಳದಿ, ಕೆಂಪು ಬಣ್ಣ. ಲಗ್ನದ ಮನೆಯ ಮಂಟಪದಂತೆ ಕಾಣುತ್ತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿ ಸಂತೋಷಪಟ್ಟೆ. ಮರುದಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ನಾವು ಟೈಪ್ ಮಾಡೋದು ಎಲ್ರಿ? ಜಾಗಾನೇ ಉಳದಿಲ್ಲ” ಎಂದಳು. ಮಾತು ಖರೆಯಾಗಿತ್ತು. ಪ್ರಾಂಪ್ಟೇ ಸಾಲನ್ನು ಬಲತುದಿಯವರೆಗೆ ನುಂಗಿತ್ತು. ಬಣ್ಣದ ಗುರುತುಗಳನ್ನು ನಾನು ಸರಿಯಾಗಿ ಬರೆಯದ ಕಾರಣ, ಉದ್ದದ ಅಪ್ಪಣೆ ಕೊಟ್ಟರೆ ಅದು ಮುಂದಿನ ಸಾಲಿಗೆ ಇಳಿಯದೆ ಅದೇ ಸಾಲಿನ ಮೊದಲಿಗೆ ಹಿಂದಿರುಗಿ ತನ್ನ ಮೇಲೆ ತಾನೇ ಹತ್ತಿ ಕೂಡುತ್ತಿತ್ತು. ಪ್ರಿನ್ಸಿಪಾಲರು ಬಂದು ನೋಡಿ, “ಮೊದಲ ಹ್ಯಾಂಗಿತ್ತೋ ಹಂಗ ಮಾಡಿಬಿಡ್ರಿ” ಎಂದು ಒಂದೇ ಮಾತಿನಲ್ಲಿ ನನ್ನ ಕಲೆಗೆ ಮಂಗಳ ಹಾಡಿದರು.

ಕಾಲೇಜಿನಲ್ಲಿ ಹೀಗೆ ಮುರುಟಿಹೋದ ನನ್ನ ಕಲೆ ಮತ್ತೆ ಚಿಗುರಿದ್ದು ಕಮಲಾಪುರದಲ್ಲಿ. ಮಹಾದೇವಿ ಅಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಮುಂಜಾನೆಯ ಬಸ್ಸಿಗೆ ಹೋಗುವುದು, ಸಂಜೆಯ ಬಸ್ಸಿಗೆ ಚೀಲದಲ್ಲಿ ಕೆಂಪು ಬಾಳೆಹಣ್ಣು ಹಾಕಿಕೊಂಡು ಬರುವುದು. ಅದು ಅವಳು ಹುಟ್ಟಿದ ಊರು, ಅವಳು ಕಲಿತ ಶಾಲೆ. ಇದರಲ್ಲಿ ಒಂದು ತೊಡಕಿತ್ತು. ಅವಳು ಎರಡು ಜಡೆ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದನ್ನು ಕಂಡ ಮಾಸ್ತರರೇ ಈಗ ಅವಳ ಸಹೋದ್ಯೋಗಿಗಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರೆಲ್ಲ “ಏ ಮಾದೇವಿ, ಆ ಡಸ್ಟರ್ ಕೊಡು” ಎನ್ನುತ್ತಿದ್ದರಂತೆ. ಜವಾನನೂ “ಮಾದೇವಿ, ಚಹಾ ಬಂದದ ನೋಡು” ಎನ್ನುತ್ತಿದ್ದನಂತೆ. ಅವಳು ಯಾರೊಂದಿಗೂ ಜಗಳ ಮಾಡಲಿಲ್ಲ. ಆ ಹೆಸರಿಗೆ ತಿರುಗಿ ನೋಡುವುದನ್ನಷ್ಟೇ ಬಿಟ್ಟಳು. ಕೆಲವು ವರ್ಷ ಕಳೆದ ಮೇಲೆ ಸ್ಟಾಫ್ ರೂಮು ತಾನಾಗಿಯೇ “ಟೀಚರ್, ಕೊಡ್ರಿ” ಎನ್ನುವುದನ್ನು ಕಲಿಯಿತು.

ಆ ಶಾಲೆಗೆ ಊರಿನ ದಾನಿಯೊಬ್ಬರು ಒಂದು ಹಳೆಯ ಕಂಪ್ಯೂಟರನ್ನು ಕೊಟ್ಟರು. ಅದನ್ನು ಚಾಲೂ ಮಾಡಿಕೊಡಲು ಹೆಡ್ ಮಾಸ್ತರ್ ಶರಣಪ್ಪನವರು ನನಗೆ ಹೇಳಿ ಕಳಿಸಿದರು. ಶರಣಪ್ಪನವರು ಮಹಾದೇವಿಗೂ ಪಾಠ ಹೇಳಿದವರು, ಬಿಸಿಲು ಎಷ್ಟಿದ್ದರೂ ಕೋಟು ಬಿಡದವರು. ಊರ ಮಗಳ ಗಂಡನಾದ್ದರಿಂದ ನಾನು ಅವರಿಗೆ ಅಳಿಯಂದ್ರು. ಒಂದು ರವಿವಾರ ಹೋಗಿ ಲಿನಕ್ಸ್ ಹಾಕಿ, ಒಬ್ಬೊಬ್ಬ ಮಾಸ್ತರರಿಗೂ ತಮ್ಮ ಹೆಸರು ಹೊಡೆದು ತೆರೆಯುವ ಬೇರೆ ಬೇರೆ ಖಾತೆ ಮಾಡಿದೆ. ಕಪ್ಪು ಪರದೆಯ ಮೇಲೆ ಡಾಲರ್ ಚಿಹ್ನೆ ಬಂದು ನಿಂತಿತು. ಶರಣಪ್ಪನವರು ಕುರ್ಚಿಯಲ್ಲಿ ಕೂತು ಅದನ್ನು ಬಹಳ ಹೊತ್ತು ನೋಡಿದರು.

“ಅಳಿಯಂದ್ರ, ಇದು ಡಾಲರ್ ಗುರ್ತಲ್ರಿ? ಸರಕಾರಿ ಸಾಲ್ಯಾಗ ಬಂದು ಡಾಲರ್ ಯಾಕ ಕೇಳ್ಲಾಕತ್ತದ?”

“ಅದು ರೊಕ್ಕ ಕೇಳ್ಲಾಕತ್ತಿಲ್ರಿ ಸರ್. ನೀವು ಏನ್ ಹೇಳ್ತೀರಿ ಅಂತ ದಾರಿ ನೋಡ್ಲಾಕತ್ತದ.”

“ದಾರಿ ನೋಡೋದು ಹಿಂಗೇನ್ರಿ? ನಮ್ಮ ಜವಾನ ಸೈತ ಮುಂದ ಬಂದು ನಿಂತ್ರ ‘ಏನ್ರಿ ಸರ್’ ಅಂತ ಕೇಳ್ತಾನ. ಇದು ತುಟಿ ಪಿಟಕ್ ಅನ್ನವಲ್ದು.”

ನನಗೆ ಬೇಕಾದದ್ದೂ ಅದೇ. ತಕ್ಷಣ ಕೂತು ಅವರ ಪ್ರಾಂಪ್ಟನ್ನು ‘ಏನ್ರಿ ಸರ್’ ಎಂದು ಬದಲಿಸಿದೆ. ಆ ಪರದೆಗೆ ಕನ್ನಡದ ಅಕ್ಷರ ಬರುತ್ತಿರಲಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡದ ಮಾತು ಬರೆಯಬೇಕಿತ್ತು. ಶರಣಪ್ಪನವರು ಅದನ್ನು ಗಟ್ಟಿಯಾಗಿ ಓದಿದರು. ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ಕೂತರು. “ಈಗ ಮಾತಿಗೆ ಬಂತು ನೋಡ್ರಿ” ಎಂದರು.

ಅಂದಿನಿಂದ ಅವರಿಗೆ ಕಂಪ್ಯೂಟರಿನ ಮೇಲೆ ಪ್ರೀತಿ ಹುಟ್ಟಿತು. ದಿನಾಲೂ ಪ್ರಾರ್ಥನೆ ಮುಗಿದ ಕೂಡಲೇ ಬಂದು ಅದರ ಮುಂದೆ ಕೂಡುವುದು, ತಾರೀಖು ಕೇಳುವುದು, ಆ ತಿಂಗಳ ಕ್ಯಾಲೆಂಡರ್ ತೆಗೆಸುವುದು. ಪ್ರತಿ ಉತ್ತರದ ಕೆಳಗೆ ಅದು ಮತ್ತೆ ‘ಏನ್ರಿ ಸರ್’ ಎನ್ನುತ್ತಿತ್ತು. ಇದರಿಂದ ಯಾರೂ ಊಹಿಸದ ಒಂದು ತೊಂದರೆ ಎದ್ದಿತು. ಶರಣಪ್ಪನವರು ಬಹಳ ಮರ್ಯಾದಸ್ಥ ಮನುಷ್ಯರು. ಎದುರಿನವರು ಏನಾದರೂ ಕೇಳುತ್ತಿರುವಾಗ ಎದ್ದು ಹೋಗುವುದು ಅವರಿಂದ ಆಗುತ್ತಿರಲಿಲ್ಲ. “ಅದು ಕೇಳ್ತಾನೇ ಇರ್ತದ್ರಿ ಅಳಿಯಂದ್ರ, ನಾ ಹ್ಯಾಂಗ ಏಳ್ಲಿ?” ಎಂದರು. ಒಂದು ದಿನ ಸಾಕಾಗಿ ‘ಏನಿಲ್ಲ’ ಎಂದು ಟೈಪ್ ಮಾಡಿದರಂತೆ. ಅಂಥ ಅಪ್ಪಣೆಯನ್ನು ಕೇಳಿಯೇ ಇರದ ಕಂಪ್ಯೂಟರು, ‘ಏನಿಲ್ಲ: ಕಮಾಂಡ್ ನಾಟ್ ಫೌಂಡ್’ ಎಂದು ತಿರುಗಿ ಹೇಳಿತು. “ಏನಿಲ್ಲ ಅಂದ್ರ, ಏನಿಲ್ಲ ಅನ್ನೋದೂ ಇಲ್ಲಂತದಲ್ರಿ” ಎಂದು ಅವರು ಬೇಜಾರು ಮಾಡಿಕೊಂಡರು. ಆ ಒಂದು ವಾಕ್ಯ ಹಿಡಿದು ನಮ್ಮ ಕಡೆಯ ಯಾವ ಮಠದಲ್ಲಾದರೂ ಸಂಜೆಯೆಲ್ಲ ಪ್ರವಚನ ಮಾಡಬಹುದಿತ್ತು. ನಾನು ಅಷ್ಟು ಆಳಕ್ಕೆ ಇಳಿಯದೆ, ಅವರು ‘ಏನಿಲ್ಲ’ ಎಂದ ಕೂಡಲೇ ಕಂಪ್ಯೂಟರು ಅವರ ಖಾತೆಯನ್ನು ಮುಚ್ಚಿ ಬೀಳ್ಕೊಡುವಂತೆ ಮಾಡಿಕೊಟ್ಟೆ. ಅವರು ನೆಮ್ಮದಿಯಿಂದ ಏಳತೊಡಗಿದರು.

ಸುದ್ದಿ ಹಬ್ಬಿ ಉಳಿದ ಮಾಸ್ತರರಿಗೂ ತಮ್ಮ ತಮ್ಮ ಪ್ರಾಂಪ್ಟ್ ಬೇಕೆನಿಸಿತು. ಕನ್ನಡ ಪಂಡಿತರು ‘ಅಪ್ಪಣೆಯಾಗಲಿ’ ಎಂದು ಇರಲಿ ಎಂದರು. ಬರೆದುಕೊಟ್ಟೆ. ಇಂಗ್ಲಿಷ್ ಅಕ್ಷರದಲ್ಲಿ ಣಕಾರಕ್ಕೂ ನಕಾರಕ್ಕೂ ಭೇದವಿಲ್ಲವಷ್ಟೆ. ಡ್ರಿಲ್ ಮಾಸ್ತರರು ಅದನ್ನು ‘ಅಪ್ಪನೇ ಆಗಲಿ’ ಎಂದು ಓದಿ, “ಅಪ್ಪನೇ ಆಗಲಿ ಅವ್ವನೇ ಆಗಲಿ, ಸಾಲಿಗೆ ಬಂದವ್ರು ಹೆಡ್ ಮಾಸ್ತರಿಗಿ ಕಂಡೇ ಹೋಗಬೇಕು” ಎಂದು ಸೇರಿಸಿದರು. ಪಂಡಿತರು ಮತ್ತೆ ಡಾಲರಿಗೇ ಮರಳಿದರು.

ಹೀಗೆ ಎಲ್ಲರಿಗೂ ಮಾಡಿಕೊಟ್ಟವನು ಹೆಂಡತಿಗೆ ಮಾಡದಿರಲಾದೀತೆ? ಅವಳಿಗೆ ತಿಳಿಸದೆ, ಒಂದು ಸಣ್ಣ ಸಂತೋಷ ಕೊಡೋಣವೆಂದು, ಅವಳ ಖಾತೆಯ ಪ್ರಾಂಪ್ಟಿಗೆ ‘ಹೇಳ ಮಾದೇವಿ’ ಎಂದು ಬರೆದು ಬಂದೆ. ಸಂಜೆ ಚಹಾ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಾಗ ನಾನು ಅವಳಿಗೆ ಅನ್ನುವ ಮಾತು ಅದು. ‘ಹೇಳ ಮಾದೇವಿ, ಇವತ್ತ ಸಾಲ್ಯಾಗ ಏನಾಯ್ತು?’ ಎಂದು ದಿನಾ ಕೇಳುತ್ತೇನೆ. ಇಡೀ ದಿನ ಕಮಲಾಪುರದಲ್ಲಿ ನನ್ನ ದನಿ ಅವಳಿಗೆ ಕೇಳಿಸಿದ ಹಾಗಾಗುತ್ತದೆ ಎಂದುಕೊಂಡೆ. ಬಸ್ಸಿನಲ್ಲಿ ಬರುವಾಗ ನನ್ನ ರಸಿಕತೆಗೆ ನಾನೇ ತಲೆದೂಗಿದೆ.

ಮರುದಿನ ಸಂಜೆ ಮಹಾದೇವಿ ಬಂದಳು. ಚೀಲದಲ್ಲಿ ಬಾಳೆಹಣ್ಣಿರಲಿಲ್ಲ. ಮುಖ ತೊಳೆದು ಬಂದು ಎದುರು ಕೂತಳು.

“ಆ ಕಂಪ್ಯೂಟರ್ ಆಫೀಸಿನ ನಟ್ಟ ನಡುವ ಅದ. ಅದು ನಿಮಗ ಗೊತ್ತದಿಲ್ಲ?”

“ಗೊತ್ತದ. ಯಾಕ?”

“ನಾ ಹೆಸರು ಹೊಡದು ಒಳಗ ಹೋದ ಕೂಡ್ಲೆ ‘ಹೇಳ ಮಾದೇವಿ’ ಅಂತು. ಹಿಂದ ಡ್ರಿಲ್ ಮಾಸ್ತರ್ರು ನಿಂತಿದ್ರು. ಮಧ್ಯಾಹ್ನ ಚಹಾದ ಟೈಮಿಗಿ ಎಲ್ಲಾರ ಬಾಯಾಗೂ ಅದೇ. ‘ಹೇಳ ಮಾದೇವಿ, ಸಕ್ರಿ ಬೇಕೇನು?’ ಅವರು ಚಾಷ್ಟಿಗೇ ಅಂದ್ರು, ನಾನೂ ನಕ್ಕೆ.” ಸೆರಗಿನಿಂದ ಮುಖ ಒರೆಸಿಕೊಂಡಳು. “ನೀವು ಮನ್ಯಾಗ ಅಂದ್ರ ನನಗ ಬೇಜಾರಿಲ್ರಿ. ಆದ್ರ ಅಲ್ಲಿ ಟೀಚರ್ ಅನ್ನಿಸ್ಕೊಳ್ಳಾಕ ನಾ ಎಷ್ಟ ದಿವ್ಸ ಬಾಯಿ ಮುಚ್ಕೊಂಡು ಕುಂತಿದ್ದೆ ಅನ್ನೋದು ನಿಮಗ ಗೊತ್ತದ. ನೀವು ಒಂದ ಸಾಲಿನಾಗ ನನಗ ಮತ್ತ ಎರಡ ಜಡಿ ಹಾಕಿ ಬೆಂಚಿನ ಮ್ಯಾಲ ಕುಂದ್ರಿಸಿದ್ರಿ.”

ಇಂಗ್ಲಿಷಿನವರ ಕಂಪ್ಯೂಟರಿಗೆ ಈ ಕಷ್ಟವಿಲ್ಲ. ಅದು ಡಾಲರ್ ತೋರಿಸಿ ಸುಮ್ಮನಿರುತ್ತದೆ, ಮಾತಾಡಿದರೂ ದೊಡ್ಡವರಿಗೆ ಸಣ್ಣವರಿಗೆ ಒಂದೇ ಮಾತು. ಕನ್ನಡದಲ್ಲಿ ಬಾಯಿ ತೆರೆಯುವ ಮೊದಲೇ ಎದುರಿಗಿರುವವರು ಯಾರು, ಎಲ್ಲಿ ಕೂತಿದ್ದಾರೆ, ಸುತ್ತ ಯಾರಿದ್ದಾರೆ ಎಂದು ನೋಡಿಕೊಳ್ಳಬೇಕು. ಕಂಪ್ಯೂಟರಿಗೆ ಅಷ್ಟು ತಿಳಿಯುವುದಿಲ್ಲ. ಅದಕ್ಕೆ ಕಲಿಸಿದವನಿಗಾದರೂ ತಿಳಿಯಬೇಕಿತ್ತು.

“ತಪ್ಪಾಯ್ತು. ಅಳಿಸಿಬಿಡ್ತೀನಿ” ಎಂದೆ.

“ಹ್ಯಾಂಗ ಅಳಿಸೋದು ಹೇಳ್ರಿ, ನಾಳೆ ನಾನೇ ಅಳಸ್ತೀನಿ.”

ಇಲ್ಲಿ ನನ್ನೊಳಗಿನ ಲ್ಯಾಬ್ ಉಸ್ತುವಾರಿಯವನು ಎದ್ದು ಕೂತ. ಅದು ತಾಂತ್ರಿಕ ವಿಷಯ, ಒಂದು ಚುಕ್ಕೆ ತಪ್ಪಿದರೆ ಎಲ್ಲ ಕೆಡುತ್ತದೆ, ರವಿವಾರ ನಾನೇ ಬಂದು ಮಾಡುತ್ತೇನೆ ಎಂದೆ. ಮಹಾದೇವಿ ನನ್ನ ಮುಖ ನೋಡಿದಳು. “ಆಗ್ಲಿರಿ” ಎಂದಳು. ಆ ಬಹುವಚನದಲ್ಲಿ ಗೌರವ ಅಷ್ಟೇನೂ ಇರಲಿಲ್ಲ.

ರವಿವಾರಕ್ಕಿಂತ ಮೊದಲು ಶುಕ್ರವಾರ ಬಂತು. ಮುಂಜಾನೆ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೋಣೆಗೆ ನನಗೆ ಫೋನು ಬಂದಿದೆ ಎಂದು ಕರೆದರು. ಆ ತುದಿಯಲ್ಲಿ ಮಹಾದೇವಿ. ಶಿಕ್ಷಣಾಧಿಕಾರಿಗಳು ಶಾಲೆ ನೋಡಲು ಬರುತ್ತಿದ್ದಾರಂತೆ, ಕಂಪ್ಯೂಟರಿನ ಕೆಲಸವನ್ನು ಟೀಚರೇ ತೋರಿಸಲಿ ಎಂದು ಹೆಡ್ ಮಾಸ್ತರರು ಹೇಳಿದ್ದಾರಂತೆ. “ಈಗ ಹೇಳ್ರಿ, ಏನ್ ಹೊಡೀಬೇಕು?”

ಫೋನಿನಲ್ಲಿ ಗರಗರ ಸದ್ದು. ಎದುರಿಗೆ ಪ್ರಿನ್ಸಿಪಾಲರು ಪೇಪರ್ ಓದುವವರಂತೆ ಕೂತು ಕಿವಿಗೊಟ್ಟಿದ್ದರು. ನಾನು ದನಿ ಏರಿಸಿ ಹೇಳತೊಡಗಿದೆ. “ಪಿ, ಎಸ್, ಒಂದು. ನಡುವ ಜಾಗ ಬಿಡಬ್ಯಾಡ. ಆಮ್ಯಾಲ ಈಕ್ವಲ್ ಟು. ಅದರ ಆಕಡಿ ಈಕಡಿನೂ ಜಾಗ ಬಿಡಬ್ಯಾಡ.”

“ಮತ್ತ ಜಾಗ ಎಲ್ಲಿ ಬಿಡಬೇಕ್ರಿ?”

“ಎಲ್ಲೂ ಬಿಡಬ್ಯಾಡ. ಈಗ ಒಂದು ಕೋಟ್ ಹಾಕು, ಕೋಟ್...”

“ಯಾರ ಕೋಟ್ರಿ?” ಎಂದು ಕೇಳಿಸಿತು. ಅಷ್ಟರಲ್ಲಿ ಲೈನ್ ಸತ್ತುಹೋಯಿತು. ಮತ್ತೆ ಮತ್ತೆ ತಿರುವಿದರೂ ಹತ್ತಲಿಲ್ಲ.

ಪ್ರಿನ್ಸಿಪಾಲರ ಮುಂದೆ ಅರ್ಧ ದಿನದ ರಜೆ ಕೇಳಿ ಬಸ್ ಸ್ಟ್ಯಾಂಡಿಗೆ ಓಡಿದೆ. ಕಮಲಾಪುರದ ಮೇಲೆ ಹೋಗುವ ಹುಮನಾಬಾದಿನ ಬಸ್ಸು ತುಂಬಿತ್ತು, ಆದರೆ ಡ್ರೈವರು ಚಹಾಕ್ಕೆ ಹೋಗಿದ್ದ. ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಒಂದೇ ದೃಶ್ಯ: ಸಾಹೇಬರು, ಹೆಡ್ ಮಾಸ್ತರರು, ಇಡೀ ಸ್ಟಾಫು ಸುತ್ತುವರಿದು ನಿಂತಿದ್ದಾರೆ. ಮಹಾದೇವಿ ಹೆಸರು ಹೊಡೆಯುತ್ತಾಳೆ. ಕಪ್ಪು ಪರದೆಯ ಮೇಲೆ ನನ್ನ ರಸಿಕತೆ ಬೆಳ್ಳಗೆ ಎದ್ದು ಬರುತ್ತದೆ. ಕಮಲಾಪುರದಲ್ಲಿ ಇಳಿದು ಬೆವರೊರೆಸಿಕೊಳ್ಳುತ್ತ ಶಾಲೆಯ ಗೇಟಿಗೆ ಬರುವಾಗ ಸಾಹೇಬರ ಜೀಪು ಧೂಳೆಬ್ಬಿಸಿ ಎದುರಿನಿಂದ ಹೊರಟುಹೋಯಿತು. ಶರಣಪ್ಪನವರು ಗೇಟಿನಲ್ಲಿ ಕೈ ಮುಗಿದು ನಿಂತಿದ್ದರು. ನನ್ನನ್ನು ಕಂಡವರೇ ಕೈ ಹಿಡಿದು ಒಳಗೆ ಕರೆದೊಯ್ದರು.

ನಡೆದದ್ದನ್ನು ಅವರೇ ಹೇಳಿದರು. ಸಾಹೇಬರು ಬಂದು ಕೂತರು. ಮಹಾದೇವಿ ಹೆಸರು ಹೊಡೆದಳು. ‘ಹೇಳ ಮಾದೇವಿ’ ಎಂದು ಬಂತು. ಸಾಹೇಬರು ಅದನ್ನು ಓದಿ ಹುಬ್ಬು ಮೇಲೆ ಮಾಡಿದರು. ಮಾಸ್ತರರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಹಾದೇವಿ ಮಾತ್ರ ತರಗತಿಯಲ್ಲಿ ಲೆಕ್ಕ ಬಿಡಿಸುವ ದನಿಯಲ್ಲೇ ಶುರುಮಾಡಿದಳಂತೆ. “ಸರ್, ಇದು ನಮ್ಮ ಮನಿಯವ್ರು ಕಲಿಸಿದ್ದು. ಕಂಪ್ಯೂಟರಿಗಿ ನಾವು ಹ್ಯಾಂಗ ಕಲಿಸ್ತೀವೋ ಅದು ಹಂಗ ಮಾತಾಡ್ತದ. ಈಗ ಅದು ಏಕವಚನದಾಗ ಮಾತಾಡ್ತು. ಏಕವಚನದಾಗ ಮಾತಾಡಿದ್ರ ಏನ್ ಮಾಡಬೇಕು ಅನ್ನೋದು ತೋರಸ್ತೀನ್ರಿ.”

ನಾನು ಫೋನಿನಲ್ಲಿ ಹೇಳಿದಷ್ಟನ್ನು ಹೊಡೆದು, ಮುಂದೆ ‘ಹೇಳ್ರಿ ಟೀಚರ್’ ಎಂದು ಎರಡು ಪದ ಬರೆದಳು. ಕೋಟ್ ಎಂದರೆ ಮಾತಿನ ಎರಡೂ ತುದಿಗೆ ಹಾಕುವ ಉದ್ಧರಣ ಚಿಹ್ನೆ ಎಂಬುದು ಅವಳಿಗೆ ತಲುಪಿರಲಿಲ್ಲವಲ್ಲ. ಹಾಕಲಿಲ್ಲ. ಕೋಟ್ ಇಲ್ಲದಿದ್ದರೆ ಕಂಪ್ಯೂಟರು ಎರಡನೆಯ ಪದವನ್ನು ಬೇರೆಯೇ ಅಪ್ಪಣೆ ಎಂದು ತಿಳಿಯುತ್ತದೆ. ‘ಟೀಚರ್: ಕಮಾಂಡ್ ನಾಟ್ ಫೌಂಡ್’ ಎಂದಿತು. ಸಾಹೇಬರು ನಕ್ಕು, “ಟೀಚರ್ ಎಲ್ಲೂ ಸಿಗವಲ್ಲರಂತ” ಎಂದರು. ಎಲ್ಲರೂ ನಕ್ಕರು. ಮಹಾದೇವಿ ನಗಲಿಲ್ಲ. ಪರದೆಯನ್ನೇ ನೋಡಿದಳು. “ನಡುವ ಜಾಗ ಬಿಟ್ಟಿದ್ದಕ್ಕ ಟೀಚರ್ ಹೊರಗ ಉಳದಾರ್ರಿ ಸರ್” ಎಂದು, ಎರಡು ಪದವನ್ನೂ ಕೂಡಿಸಿ ಒಂದೇ ಉಸಿರಿನ ಪದ ಮಾಡಿ ಮತ್ತೆ ಹೊಡೆದಳು. ಮುಂದಿನ ಸಾಲು ‘ಹೇಳ್ರಿಟೀಚರ್’ ಎಂದು ಮೂಡಿತು. ತಾರೀಖು ಕೇಳಿದಳು, ಹೇಳಿತು. ಮತ್ತೆ ‘ಹೇಳ್ರಿಟೀಚರ್’ ಎಂದಿತು.

“ಸಾಹೇಬ್ರು ಕುರ್ಚಿ ಬಿಟ್ಟು ಎದ್ದು ನಿಂತ್ರು ನೋಡ್ರಿ ಅಳಿಯಂದ್ರ” ಎಂದರು ಶರಣಪ್ಪನವರು. “ಎಲ್ಲಾ ಸಾಲ್ಯಾಗೂ ಕಂಪ್ಯೂಟರಿಗಿ ಅರಿವಿ ಹೊಚ್ಚಿ ಇಟ್ಟಾರಂತ. ತಪ್ಪು ಬಂದ್ರ ತಿದ್ದಿ ತೋರಿಸಿದವ್ರು ಇವರೊಬ್ಬರೇ ಅಂದ್ರು.” ಡ್ರಿಲ್ ಮಾಸ್ತರರು ಒಂದು ತಟ್ಟೆಯಲ್ಲಿ ಚಹಾ ತಂದು ಮಹಾದೇವಿಯ ಮುಂದೆ ಇಟ್ಟು, “ತಗೋರಿ ಟೀಚರ್” ಎಂದರು. ಅದರಲ್ಲಿ ಚಾಷ್ಟಿ ಇದ್ದಂತೆ ಕಾಣಲಿಲ್ಲ. ನನಗೆ ಯಾರೂ ಚಹಾ ತರಲಿಲ್ಲ. ಅದು ನ್ಯಾಯವೇ ಆಗಿತ್ತು. ಆದರೂ ಎಲ್ಲೂ ಜಾಗ ಬಿಡಬೇಡ ಎಂದು ಫೋನಿನಲ್ಲಿ ಹೇಳಿದವನು ನಾನೇ ಎಂಬುದನ್ನು ಬಸ್ಸಿನಲ್ಲಿ ಬರುವಾಗ ಅವಳಿಗೆ ನೆನಪಿಸಿದೆ. ಅವಳು ಕಿಟಕಿಯ ಕಡೆ ತಿರುಗಿ ನಕ್ಕಳು. ನನಗೆ ಅಷ್ಟು ಸಾಕಾಗಿತ್ತು.

ಶನಿವಾರ ಅವಳು ಬಂದು, “ಅದು ಮತ್ತ ಮೊದಲಿನಂಗೇ ಅಂತದಲ್ರಿ” ಎಂದಳು. ಪ್ರಾಂಪ್ಟನ್ನು ಸುಮ್ಮನೆ ಟೈಪ್ ಮಾಡಿ ಬದಲಿಸಿದರೆ ಖಾತೆ ಮುಚ್ಚುವವರೆಗೆ ಮಾತ್ರ ಇರುತ್ತದೆ, ಕಾಯಂ ಆಗಬೇಕಾದರೆ ಖಾತೆ ತೆರೆದಾಗಲೆಲ್ಲ ಕಂಪ್ಯೂಟರು ಮೊದಲು ಓದುವ ಕಡತದಲ್ಲಿ ಬರೆದು ಇಡಬೇಕು ಎಂದು ವಿವರಿಸಿದೆ. “ಬಾಯಿಲೇ ಹೇಳಿದ್ರ ಒಂದ ದಿವ್ಸ ನೆನಪಿರ್ತದ, ಮರುದಿನ ಮತ್ತ ಹಳೆ ಚಾಳಿ” ಎಂದೆ. “ಗೊತ್ತದ್ರಿ. ಅಂಥವರ ಕೂಡ ಸಂಸಾರ ಮಾಡ್ಲಾಕತ್ತೀನಿ” ಎಂದಳು. ರವಿವಾರ ಇಬ್ಬರೂ ಕಮಲಾಪುರಕ್ಕೆ ಹೋದೆವು. ಕುರ್ಚಿಯಲ್ಲಿ ಅವಳೇ ಕೂತಳು. ಕೋಟ್ ಎಂದರೆ ಯಾರ ಕೋಟು ಎಂಬುದನ್ನು ನಾನು ಪಕ್ಕದಲ್ಲಿ ನಿಂತು ತೋರಿಸಿದೆ. ಪದಗಳ ನಡುವೆ ಹಕ್ಕಿನ ಜಾಗ ಬಿಟ್ಟು ಅವಳು ತನ್ನ ಪ್ರಾಂಪ್ಟನ್ನು ಕಾಯಂ ಮಾಡಿಕೊಂಡಳು. ಆಮೇಲೆ ಒಂದೊಂದಾಗಿ ಕೇಳತೊಡಗಿದಳು. ನನ್ನ ಬಣ್ಣದ ಮಂಟಪ ಯಾಕೆ ತನ್ನ ಮೇಲೆ ತಾನೇ ಹತ್ತಿ ಕೂಡುತ್ತಿತ್ತು ಎಂಬುದನ್ನು ಅವಳ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಲೇ ನಾನೂ ಕಲಿತೆ.

ಮುಂದಿನ ಬೇಸಿಗೆ ರಜೆಯಲ್ಲಿ, ಸಾಹೇಬರ ಮಾತಿನಂತೆ, ಹೈಸ್ಕೂಲು ಶಿಕ್ಷಕರಿಗೆ ಒಂದು ಕಂಪ್ಯೂಟರ್ ತರಬೇತಿ ಇಟ್ಟರು. ಕಲಿಸುವವಳು ಮಹಾದೇವಿ. ಜಾಗ ನಮ್ಮ ಕಾಲೇಜಿನ ಲ್ಯಾಬು. ನಾನು ಬೆಳಿಗ್ಗೆಯೇ ಹೋಗಿ ಎಲ್ಲ ಯಂತ್ರಗಳ ಧೂಳು ಒರೆಸಿ ಇಟ್ಟೆ. ಪ್ರಾಂಪ್ಟುಗಳನ್ನು ಮುಟ್ಟಬಾರದೆಂದು ಮನೆಯಲ್ಲೇ ತಾಕೀತಾಗಿತ್ತು. ಅವಳು ಹಲಗೆಯ ಮುಂದೆ ನಿಂತು, ಯಾವ ಮಾತನ್ನು ಯಾರಿಗೆ ಹೇಗೆ ಹೇಳಿಸಬೇಕು ಎಂದು ಶಹಾಬಾದಿನಿಂದ, ಆಳಂದದಿಂದ ಬಂದ ಹಿರಿಯ ಮಾಸ್ತರರಿಗೆಲ್ಲ ಬಿಡಿಸಿ ಹೇಳುತ್ತಿದ್ದಳು. ಅವರೆಲ್ಲ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ನಾನು ಬಾಗಿಲ ಹತ್ತಿರ ಒಂದು ಸ್ಟೂಲಿನ ಮೇಲೆ ಕೂತಿದ್ದೆ.

ಚಹಾದ ಹೊತ್ತಿನಲ್ಲಿ ಆಳಂದದ ಮಾಸ್ತರರೊಬ್ಬರು ನನ್ನ ಕಡೆ ಕೈ ತೋರಿಸಿ, “ಇವ್ರು ಯಾರ್ರಿ ಟೀಚರ್?” ಎಂದು ಕೇಳಿದರು.

“ನಮ್ಮ ಮನಿಯವರ್ರಿ” ಎಂದಳು ಮಹಾದೇವಿ. “ಕಂಪ್ಯೂಟರ್ ಚಾಲೂ ಮಾಡಿ ಕೊಡ್ತಾರ.”

ಇಷ್ಟು ವರ್ಷದ ನನ್ನ ವಿದ್ಯೆಯನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ. ಆದರೆ ಯೋಚಿಸಿ ನೋಡಿದರೆ ಅದರಲ್ಲಿ ತಪ್ಪು ಹುಡುಕಲು ಬರುವಂತಿರಲಿಲ್ಲ. ಆ ದಿನ ಒಂದು ಯಂತ್ರವೂ ತಕರಾರು ಮಾಡದೆ ಚಾಲೂ ಆಗಿತ್ತು. ಮಾಸ್ತರರು ನನಗೂ ಒಂದು ನಮಸ್ಕಾರ ಮಾಡಿದರು. ನಾನು ಸ್ಟೂಲಿನಿಂದ ಎದ್ದು, ಖಾಲಿ ಕಪ್ಪುಗಳನ್ನು ತಟ್ಟೆಗೆ ಕೂಡಿಸಿಕೊಂಡು, “ಟೀಚರ್, ಪ್ರಿಂಟರೂ ಚಾಲೂ ಮಾಡ್ಲೇನ್ರಿ?” ಎಂದು ಕೇಳಿದೆ.